ಹೊಳೆಯೂ ಯಂತ್ರವೂ
ಜಯನಗರದ ಮನೆಯಲ್ಲಿ ದೀಪದ ಗುಂಡಿ ಒತ್ತುವಾಗ ಹೊಳೆ ನೆನಪಾಗುವುದುಂಟೆ?

1856ರ ಸುಮಾರಿಗೆ ಅಮೆರಿಕದ ಚಿತ್ರಕಾರ ಜಾರ್ಜ್ ಇನ್ನೆಸ್, ರೈಲ್ವೆ ಕಂಪನಿಯೊಂದರ ಕೋರಿಕೆಯಂತೆ, ಲ್ಯಾಕವಾನಾ ನದಿಯ ಕಣಿವೆಯನ್ನು ಚಿತ್ರಿಸಿದನು. ದೂರದಲ್ಲಿ ಹೊಗೆ, ನಡುವೆ ರೈಲುಗಾಡಿ. ಮುಂದುಗಡೆ ಕಡಿದ ಮರಗಳ ಬೊಡ್ಡೆಗಳು. ಏಳಿಗೆಯೊಡನೆ ಅದರ ಬೆಲೆಯೂ ಆ ಪಟದಲ್ಲಿದೆ.

ನಮ್ಮ ಕಾವೇರಿಗೂ ಯಂತ್ರಯುಗ ಬಂದಿತು. ಶಿವನಸಮುದ್ರದಲ್ಲಿ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಇಳಿಸಿ, ಯಂತ್ರದ ಚಕ್ರಗಳನ್ನು ಓಡಿಸಿದರು. 1902ರಲ್ಲಿ ಆ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು.

ಕಾಲುವೆಗೆ ಹೋದಷ್ಟು ನೀರು ಜಲಪಾತಕ್ಕೆ ಕಡಮೆಯಾಯಿತು. ತಂತಿಯಲ್ಲಿ ಬರುವ ಶಕ್ತಿಗೆ ಹೊಗೆಯಿಲ್ಲ. ಅದರ ಬೆಲೆ ಮನೆಯವರ ಕಣ್ಣಿಗೆ ಬೀಳದು. ಊರಿನ ಆ ಮೊದಲ ಬೆಳಕಿನ ಹಿಂದೆ ಸೊರಗಿದ ಜಲಪಾತವೊಂದಿದೆ ಎಂಬುದನ್ನು ನಾವೇ ನೆನೆಯಬೇಕು.