ಯುದ್ಧ ಮುಗಿದ ಮೇಲೂ ಏದುಸಿರು

ಹಳೆಯ ಮೈಸೂರಿನ ಕಡೆ ‘ಕಾವಲ್’ ಎಂದರೆ ದನಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಈಗ ಹೆಲಿಕಾಪ್ಟರ್ ಕಾರ್ಖಾನೆ ಇದೆ; ಅದು ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ರಂದು. ಇಂಥ ಬಯಲಿನಲ್ಲಿ ಚಳಿಗಾಲದ ಬೆಳಗ್ಗೆ ಮಂಜು ತಗ್ಗುಗಳಲ್ಲಿ ನಿಲ್ಲುವುದನ್ನು ನೀವು ನೋಡಿರಬಹುದು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಕ್ಲೋರಿನ್ ಅನಿಲವೂ ಹಾಗೆಯೇ ತಗ್ಗಿಗೆ ಇಳಿಯುತ್ತದೆ. ಯುದ್ಧಭೂಮಿಯಲ್ಲಿ ತಗ್ಗು ಎಂದರೆ ಸೈನಿಕರು ಆಶ್ರಯ ಪಡೆದ ಕಂದಕ.

1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪರ್ ಬಳಿ ಜರ್ಮನ್ ಸೇನೆ 150 ಟನ್ನಿಗೂ ಹೆಚ್ಚು ಕ್ಲೋರಿನ್ ಬಿಟ್ಟಿತು. ನಾಲ್ಕು ದಿನಗಳ ನಂತರ ಅದೇ ರಣರಂಗದಲ್ಲಿ ಭಾರತೀಯ ಸೈನಿಕರಿದ್ದ ಲಾಹೋರ್ ಡಿವಿಜನ್ ಅನಿಲಕ್ಕೆ ಸಿಕ್ಕಿತು. ಸರಿಯಾದ ಮುಖವಾಡಗಳು ಅವರಲ್ಲಿರಲಿಲ್ಲ. ಆ ದಿನ ಜಮಾದಾರ್ ಮೀರ್ ದಸ್ತ್ ಗಾಯಾಳು ಅಧಿಕಾರಿಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಯಲ್ಲಿ ಪದಕ ಸ್ವೀಕರಿಸುವಾಗಲೂ ಅನಿಲದ ಬಾಧೆ ಅವರನ್ನು ಬಿಟ್ಟಿರಲಿಲ್ಲ.

1917ರಲ್ಲಿ ಬಂದ ಸಾಸಿವೆ ಅನಿಲ ಇನ್ನೂ ಕಪಟಿ. ಸೋಕಿದಾಗ ನೋವೇ ಇಲ್ಲ. ಕೆಲವು ಗಂಟೆಗಳ ನಂತರ ಕಣ್ಣು ಉರಿದು, ಚರ್ಮ ಬೊಬ್ಬೆಯೇಳುತ್ತದೆ. ಅಷ್ಟರೊಳಗೆ ಅದು ಜೀವಕೋಶಗಳ ಡಿ.ಎನ್.ಎ.ಗೆ ಅಂಟಿಕೊಂಡು ಶ್ವಾಸನಾಳದ ಒಳಪದರವನ್ನು ಕೆಡಿಸಿರುತ್ತದೆ.

ಇರಾನಿನ ಸರ್ದಶ್ತ್ ಪಟ್ಟಣದ ಮೇಲೆ 1987ರ ಜೂನ್ 28ರಂದು ಇರಾಕಿನ ವಿಮಾನಗಳು ಸಾಸಿವೆ ಅನಿಲದ ಬಾಂಬು ಹಾಕಿದವು. ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಸಾವಿರಾರು ಜನಕ್ಕೆ ಅನಿಲ ತಗುಲಿತು. ಮರುವರ್ಷ ಯುದ್ಧ ನಿಂತಿತು, ಅವರ ಕೆಮ್ಮು ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ನಂತರ ಪರೀಕ್ಷಿಸಿದ ವೈದ್ಯರಿಗೂ ಶ್ವಾಸಕೋಶದ ತೊಂದರೆಗಳು ಕಂಡವು.

ಏಕೆ ಹೀಗೆ? ಗಾಯವಾದ ಕಡೆಗೆ ರಕ್ತದ ಬಿಳಿಕಣಗಳು ಧಾವಿಸುವುದು ದೇಹದ ಧರ್ಮ. ಗಾಯ ಮಾಗಿದರೆ ಅವು ಹಿಂದೆ ಸರಿಯಬೇಕು. ಇಲ್ಲಿ ಉರಿಯೂತ ಆರದೆ ಉಳಿಯುತ್ತದೆ. ಅತಿ ಸಣ್ಣ ಶ್ವಾಸನಾಳಗಳಲ್ಲಿ ಗಾಯದ ಕಲೆ ಬೆಳೆದು ದಾರಿ ಕಿರಿದಾಗುತ್ತದೆ. ಒಳಗೆ ಹೋದ ಗಾಳಿ ಹೊರಬರಲಾರದು. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಇದು ಕಾಣದೆ ಹೋಗಬಹುದು. ಉಸಿರು ಬಿಟ್ಟಾಗ ತೆಗೆದ ಸಿ.ಟಿ. ಚಿತ್ರ ಸಿಕ್ಕಿಬಿದ್ದ ಗಾಳಿಯನ್ನು ತೋರಿಸುತ್ತದೆ. ಔಷಧಗಳು ಬಾಧೆಯನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿ ಗುಣ ಮಾಡಲಾರವು.

1925ರ ಜಿನೀವಾ ಒಪ್ಪಂದ ಇಂಥ ಅಸ್ತ್ರಗಳ ಬಳಕೆಯನ್ನು ನಿಷೇಧಿಸಿತು, ತಯಾರಿಕೆಯನ್ನಲ್ಲ. ಆ ಕೊರತೆ ನೀಗಿಸಿದ ರಾಸಾಯನಿಕ ಅಸ್ತ್ರಗಳ ಒಪ್ಪಂದ 1997ರಲ್ಲಿ ಜಾರಿಗೆ ಬಂತು. ಅದೇ ವರ್ಷ ಭಾರತ ತನ್ನಲ್ಲಿ ಸಾಸಿವೆ ಅನಿಲದ ದಾಸ್ತಾನು ಇರುವುದನ್ನು ಘೋಷಿಸಿತು. 2009ರ ಹೊತ್ತಿಗೆ ಪೂರ್ತಿ ನಾಶಮಾಡಿತು.

ಈಪರ್‌ನಲ್ಲಿ ಕ್ಲೋರಿನ್ ಬಿಡಿಸಿದ ಕೆಲಸದ ಮುಂದಾಳು ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿದ್ದಕ್ಕೆ 1918ರ ನೊಬೆಲ್ ಬಹುಮಾನ ಬಂದದ್ದೂ ಆತನಿಗೇ. ನಮ್ಮ ರಾಗಿ ಹೊಲಕ್ಕೆ ಹಾಕುವ ಯೂರಿಯಾದ ಮೂಲ ಆ ವಿಧಾನವೇ. ಒಂದೇ ತಲೆ, ಒಂದೇ ವಿದ್ಯೆ. ನಾಳೆ ಪ್ರಯೋಗಾಲಯಕ್ಕೋ ಕಾರ್ಖಾನೆಗೋ ಹೋಗುವ ನೀವು ‘ಇದನ್ನು ಮಾಡುವುದು ಹೇಗೆ’ ಎಂದು ಕಲಿಯುತ್ತೀರಿ. ‘ಇದು ಯಾರ ಉಸಿರಿಗೆ ತಾಗುತ್ತದೆ’ ಎಂದು ಕೇಳುವುದನ್ನೂ ಜೊತೆಗೇ ಕಲಿಯಿರಿ.