ಚೈನ್‌ಸಾ ಸರಪಳಿ ಪದೇ ಪದೇ ತುಂಡಾಗುವುದೇಕೆ?

ಚಿಕ್ಕಬಳ್ಳಾಪುರ: ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ನೆಟ್ಟದ್ದು ನಂದಿಬೆಟ್ಟದಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ ಎಂಬುದು ಅರಣ್ಯ ಇತಿಹಾಸದ ಪ್ರಸಿದ್ಧ ಉಲ್ಲೇಖ. ಮುಂದೆ ಅದೇ ಮರ ಬೆಟ್ಟದ ಸುತ್ತಲಿನ ಬಯಲುಸೀಮೆಯ ಹೊಲಗಳಿಗೂ ಹಬ್ಬಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಕಡಿಯುವ ಕೆಲಸ ನಿಲ್ಲಲಿಲ್ಲ. ಗೌರಿಬಿದನೂರು, ಚಿಂತಾಮಣಿ ಕಡೆಯ ನೀಲಗಿರಿ ಮತ್ತು ಹುಣಸೆ ಮರಗಳಿಗಾಗಲಿ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಒಲೆಗೆ ಬೇಕಾದ ಸೌದೆಗಾಗಲಿ ಇಂದು ಕೊಡಲಿಗಿಂತ ಚೈನ್‌ಸಾ ಯಂತ್ರವೇ ಹೆಚ್ಚು ಬಳಕೆಯಲ್ಲಿದೆ.

ಈ ಯಂತ್ರ ಬಳಸುವವರ ಸಾಮಾನ್ಯ ದೂರು ಒಂದೇ: ಸರಪಳಿ ಪದೇ ಪದೇ ತುಂಡಾಗುತ್ತದೆ. ಸರಪಳಿಯೇ ಕಳಪೆ ಎಂದು ಬೈದು ಹೊಸದನ್ನು ಕೊಳ್ಳುವುದು ರೂಢಿ. ಆದರೆ ದೋಷ ಹೆಚ್ಚಾಗಿ ಇರುವುದು ಸರಪಳಿಯಲ್ಲಲ್ಲ, ಅದನ್ನು ನಡೆಸುವ ಕ್ರಮದಲ್ಲಿ. ಕಾರಣ ತಿಳಿಯದೆ ಹಾಕಿದ ಹೊಸ ಸರಪಳಿಗೂ ಹಳೆಯದರ ಗತಿಯೇ.

ಬುಡದ ಮಣ್ಣು, ಮರದೊಳಗಿನ ಮೊಳೆ

ಕಡಿದ ಬುಡದಿಂದ ನೀಲಗಿರಿ ಮತ್ತೆ ಚಿಗುರುತ್ತದೆ. ಆದ್ದರಿಂದ ಅದನ್ನು ನೆಲಕ್ಕೆ ಸಮೀಪದಲ್ಲೇ ಕೊಯ್ಯುತ್ತಾರೆ. ಅಲ್ಲಿ ತೊಗಟೆಗೆ ಅಂಟಿದ ಮರಳು, ಮಣ್ಣು ಸರಪಳಿಯ ಹಲ್ಲನ್ನು ಕ್ಷಣಮಾತ್ರದಲ್ಲಿ ಮೊಂಡು ಮಾಡುತ್ತದೆ. ಬದುವಿನ ಮರಗಳಲ್ಲಿ ಹುದುಗಿಹೋದ ಬೇಲಿಯ ತಂತಿ, ರಸ್ತೆಬದಿಯ ಮರಗಳಿಗೆ ಫಲಕ ಹೊಡೆದ ಮೊಳೆ ಇನ್ನೂ ಅಪಾಯಕಾರಿ. ಕೊಯ್ಯುವ ಮುನ್ನ ಬುಡದ ಮಣ್ಣನ್ನು ಕೆರೆದು ಸ್ವಚ್ಛಗೊಳಿಸಿ, ಕಾಂಡವನ್ನು ಒಮ್ಮೆ ಪರೀಕ್ಷಿಸುವುದು ಅಗತ್ಯ.

ಮೊಂಡಾದ ಹಲ್ಲು

ಹರಿತವಾದ ಸರಪಳಿ ತಾನಾಗಿಯೇ ಮರದೊಳಕ್ಕೆ ಇಳಿಯುತ್ತದೆ, ಚಕ್ಕೆಗಳನ್ನು ಉದುರಿಸುತ್ತದೆ. ಚಕ್ಕೆಯ ಬದಲು ನುಣ್ಣನೆಯ ಹುಡಿ ಬರತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ. ಆಗ ಯಂತ್ರವನ್ನು ಒತ್ತಿ ಕೊಯ್ದರೆ ಕೊಂಡಿಗಳ ತಳ ಬಾರ್‌ಗೆ ಉಜ್ಜಿ ಸವೆದು, ರಿವೆಟ್ ರಂಧ್ರದ ಕೆಳಗೆ ಬಿರುಕು ಮೂಡುತ್ತದೆ. ಹಲ್ಲಿಗೆ ಅದರ ಅಳತೆಗೆ ತಕ್ಕ ದುಂಡು ಅರವನ್ನೇ ಹಾಕಬೇಕು. 0.325 ಇಂಚಿನ ಸರಪಳಿಗೆ ಸಾಮಾನ್ಯವಾಗಿ 4.8 ಮಿ.ಮೀ. ಅರ, 3/8 ಇಂಚಿನದಕ್ಕೆ 5.2 ಅಥವಾ 5.5 ಮಿ.ಮೀ. ಅರ ಬಳಕೆಯಲ್ಲಿದೆ. ಹಲ್ಲಿನ ಮುಂದಿರುವ ಆಳಸೂಚಿಯನ್ನು ಮಿತಿಮೀರಿ ತಗ್ಗಿಸಿದರೆ ಹಲ್ಲು ಮರಕ್ಕೆ ಸಿಕ್ಕಿ ಸರಪಳಿ ಜಗ್ಗುತ್ತದೆ. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರುವುದು ವಾಡಿಕೆ.

ಎಣ್ಣೆಯ ಕೊರತೆ

ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಎಣ್ಣೆ ತಪ್ಪಿದರೆ ಬಾರ್ ಕಾದು, ರಿವೆಟ್‌ಗಳು ಸವೆದು ಸರಪಳಿ ಉದ್ದವಾಗುತ್ತದೆ. ಇಂಧನ ಮುಗಿಯುವ ಹೊತ್ತಿಗೆ ಎಣ್ಣೆಯೂ ಬಹುಪಾಲು ಮುಗಿದಿರಬೇಕು. ಮುಗಿಯದಿದ್ದರೆ ಎಣ್ಣೆಯ ರಂಧ್ರ ಕಟ್ಟಿಕೊಂಡಿದೆ ಎಂದು ತಿಳಿಯಬಹುದು. ವಾಹನದಿಂದ ತೆಗೆದ ಹಳೆಯ ಆಯಿಲ್ ಬಳಸುವುದು ಉಳಿತಾಯವಲ್ಲ. ಅದರಲ್ಲಿ ಲೋಹದ ಕಣಗಳಿರುತ್ತವೆ, ಸರಪಳಿಗೆ ಅಂಟಿ ನಿಲ್ಲುವ ಗುಣವೂ ಇರುವುದಿಲ್ಲ.

ಬಿಗಿತ ಮತ್ತು ಸ್ಪ್ರಾಕೆಟ್

ಸರಪಳಿ ಬಾರ್‌ನ ಕೆಳ ಅಂಚಿಗೆ ತಾಗಿಕೊಂಡಿರಬೇಕು, ಆದರೂ ಕೈಯಿಂದ ಸುಲಭವಾಗಿ ಎಳೆಯಲು ಬರಬೇಕು. ಸಡಿಲವಾದದ್ದು ಬಾರ್‌ನಿಂದ ಜಿಗಿಯುತ್ತದೆ, ಅತಿ ಬಿಗಿಯಾದದ್ದು ಕಾದು ಸವೆಯುತ್ತದೆ. ಕಾದಾಗ ಬಿಗಿಗೊಳಿಸಿದ ಸರಪಳಿಯನ್ನು ಕೆಲಸ ಮುಗಿದ ಮೇಲೆ ಸಡಿಲಿಸಲೇಬೇಕು. ತಣ್ಣಗಾದಾಗ ಅದು ಕುಗ್ಗಿ ಯಂತ್ರದ ದಂಡಕ್ಕೂ ಧಕ್ಕೆ ತರುತ್ತದೆ.

ಎಲ್ಲರೂ ಮರೆಯುವ ಭಾಗ ಸ್ಪ್ರಾಕೆಟ್. ಅದರ ಮೇಲಿನ ಸವೆತದ ಗುರುತು 0.5 ಮಿ.ಮೀ. ಮೀರಿದ್ದರೆ ಹೊಸ ಸರಪಳಿಯೂ ಬಾಳುವುದಿಲ್ಲ. ಎರಡು ಸರಪಳಿಗಳಿಗೊಮ್ಮೆ ಸ್ಪ್ರಾಕೆಟ್ ಬದಲಿಸುವುದು ಉತ್ತಮ. ಬಾರ್, ಸ್ಪ್ರಾಕೆಟ್ ಮತ್ತು ಸರಪಳಿ ಮೂರೂ ಒಂದೇ ಅಳತೆಯವಾಗಿರತಕ್ಕದ್ದು.

ತುಂಡೇ ಹೇಳುವ ಕಾರಣ

ತುಂಡಾದ ಸರಪಳಿಯನ್ನು ಎಸೆಯುವ ಮುನ್ನ ಮುರಿದ ಕೊಂಡಿಯನ್ನು ಗಮನಿಸಬೇಕು.

* ಕೊಂಡಿಯ ತಳ ಸವೆದು ಬಿರುಕು ಬಿಟ್ಟಿದ್ದರೆ: ಮೊಂಡು ಹಲ್ಲಿನಿಂದ ಒತ್ತಿ ಕೊಯ್ದದ್ದು.
* ರಿವೆಟ್ ತೆಳುವಾಗಿ, ರಂಧ್ರ ಹಿಗ್ಗಿದ್ದರೆ: ಎಣ್ಣೆಯ ಕೊರತೆ ಅಥವಾ ಮರಳು.
* ಬಾರ್‌ನ ಗಾಡಿಯೊಳಗೆ ಓಡುವ ಕೊಂಡಿಗಳು ಜಜ್ಜಿಹೋಗಿದ್ದರೆ: ಸಡಿಲ ಸರಪಳಿ ಅಥವಾ ಸವೆದ ಸ್ಪ್ರಾಕೆಟ್.
* ಪ್ರತಿ ಬಾರಿ ಜೋಡಿಸಿದ ಜಾಗದಲ್ಲೇ ತುಂಡಾಗುತ್ತಿದ್ದರೆ: ಸುತ್ತಿಗೆಯಿಂದ ಬಡಿದು ಕೂಡಿಸಿದ ದುರ್ಬಲ ರಿವೆಟ್. ಅದಕ್ಕೆ ಮೀಸಲಾದ ಉಪಕರಣದಿಂದಲೇ ಜೋಡಿಸಬೇಕು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ತುಂಡಾದ ಸರಪಳಿ ಚಾವಟಿಯಂತೆ ಹಿಂದಕ್ಕೆ ಬೀಸುತ್ತದೆ, ಅದರ ಚೂರುಗಳು ದೂರಕ್ಕೆ ಸಿಡಿಯಬಹುದು. ಅದನ್ನು ತಡೆಯಲೆಂದೇ ಯಂತ್ರದ ಅಡಿಯಲ್ಲಿ ಒಂದು ಗೂಟವಿದೆ. ಅದು ಮುರಿದಿದ್ದರೆ ಯಂತ್ರ ಚಾಲೂ ಮಾಡಕೂಡದು. ಕನ್ನಡಕ, ಶಿರಸ್ತ್ರಾಣ, ಕಾಲಿನ ರಕ್ಷಾಕವಚಗಳನ್ನು ಧರಿಸಬೇಕು. ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಊರಿನ ತೋಟದಲ್ಲಿಯೋ ನಗರದ ನಿವೇಶನದಲ್ಲಿಯೋ ಮರ ಕೊಯ್ಯಿಸುವ ಮಾಲೀಕರು ಕೂಲಿ ಗೊತ್ತುಪಡಿಸುವಾಗಲೇ ಇವುಗಳನ್ನು ವಿಚಾರಿಸುವುದು ಒಳಿತು. ಸರಪಳಿ ತುಂಡಾದರೆ ಒಂದು ದಿನದ ಕೆಲಸ ಕೆಟ್ಟೀತು, ಕೊಯ್ಯುವವನ ಕೈಕಾಲು ಹೋದರೆ ಒಂದು ಸಂಸಾರವೇ ಬೀದಿಗೆ ಬಂದೀತು.