ಚೆಕ್ ಎಂಬ ರಾಜ

ಬ್ಯಾಂಕಿಗೆ ಹಾಕುವುದು ಚೆಕ್, ರಸ್ತೆಯಲ್ಲಿ ಲಾರಿ ನಿಲ್ಲಿಸುವುದು ಚೆಕ್‌ಪೋಸ್ಟ್, ಅಂಗಿಯ ಚೌಕಳಿ ಚೆಕ್ಸ್, ಚದುರಂಗದಲ್ಲಿ ರಾಜನಿಗೆ ಕೊಡುವುದೂ ಚೆಕ್. ಸಂಬಂಧವೇ ಇಲ್ಲದಂತೆ ಕಾಣುವ ಈ ನಾಲ್ಕಕ್ಕೂ ಬೇರು ಒಂದೇ: ಪರ್ಷಿಯನ್ ಭಾಷೆಯ ‘ಶಾಹ್’, ಅಂದರೆ ರಾಜ.

ಭಾರತದ ಚತುರಂಗ ಪರ್ಷಿಯಾ ತಲುಪಿದ ಮೇಲೆ, ಎದುರಾಳಿಯ ರಾಜ ಅಪಾಯಕ್ಕೆ ಸಿಕ್ಕಾಗ ‘ಶಾಹ್’ ಎಂದು ಎಚ್ಚರಿಸುವ ರೂಢಿ ಬಂತು. ಅರಬರ ಮೂಲಕ ಆಟ ಯುರೋಪಿಗೆ ದಾಟಿತು. ಆ ಕೂಗು ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಗಿ, ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ಚೆಕ್ ಬಿದ್ದವನು ಬೇರೆಲ್ಲ ಬಿಟ್ಟು ರಾಜನನ್ನು ಉಳಿಸಿಕೊಳ್ಳಬೇಕು. ಹಾಗಾಗಿ ಪದಕ್ಕೆ ತಡೆ, ಹತೋಟಿ ಎಂಬ ಅರ್ಥ ಬಂತು, ಅಲ್ಲಿಂದ ತಪಾಸಣೆ.

ಚದುರಂಗದ ಮಣೆಯ ಹೆಸರು ಇನ್ನೊಂದು ದಾರಿ ಹಿಡಿಯಿತು. ಮಣೆಯ ಚೌಕಗಳಿಂದ ಬಟ್ಟೆಯ ಚೆಕ್ಸ್ ಬಂತು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ಅರಸನ ಕಂದಾಯವನ್ನು ಗೆರೆಗಳಿದ್ದ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು ಲೆಕ್ಕ ಹಾಕುತ್ತಿದ್ದರು. ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಬರೆದ ಗ್ರಂಥದ ಪ್ರಕಾರ ಆ ಮೇಜು ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ನೋಡಲು ಚದುರಂಗದ ಮಣೆಯಂತಿದ್ದ ಅದರಿಂದ ಖಜಾನೆಗೇ ‘ಎಕ್ಸ್‌ಚೆಕರ್’ ಎಂಬ ಹೆಸರಾಯಿತು. ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಯಲ್ಲಿ ಅದು ಇಂದಿಗೂ ಇದೆ.

ಬ್ಯಾಂಕಿನ ಚೆಕ್ ಮಾತ್ರ ತಪಾಸಣೆಯ ಕುಡಿ. 18ನೇ ಶತಮಾನದಲ್ಲಿ ಮೋಸ ತಡೆಯಲು ಉಳಿಸಿಕೊಳ್ಳುತ್ತಿದ್ದ ಕೌಂಟರ್‌ಫಾಯಿಲಿಗೆ ಆ ಹೆಸರಿತ್ತು. ಆಮೇಲೆ ಅದು ಹಣದ ಚೀಟಿಗೇ ಅಂಟಿತು.

ಹಿಂದಿಯಲ್ಲಿ ಶತರಂಜ್ ಆಡುವವರು ಇಂದಿಗೂ ‘ಶಹ್’ ಎನ್ನುತ್ತಾರೆ. ಪಕ್ಕದಲ್ಲಿ ಕೂತ ಕನ್ನಡಿಗ ‘ಚೆಕ್’ ಎನ್ನುತ್ತಾನೆ. ಇಬ್ಬರ ಬಾಯಲ್ಲೂ ಒಂದೇ ಮಾತು. ಒಬ್ಬನಿಗೆ ಅದು ಪರ್ಷಿಯಾದಿಂದ ಬಂತು, ಇನ್ನೊಬ್ಬನಿಗೆ ಇಂಗ್ಲೆಂಡ್ ಸುತ್ತಿಕೊಂಡು.